ಕೂತಲ್ಲೇ ನಡೆದ ದಾರಿ

ಮಗಳು ರಸ್ತೆಯ ತಿರುವಿನಲ್ಲಿ ಮರೆಯಾದೊಡನೆ ದರ್ಜಿ ಮಣಿಕಟ್ಟಿನ ಪಟ್ಟಿ ಬಿಚ್ಚಿ ಬಲಗಾಲಿನ ಗಿಣ್ಣಿಗೆ ಬಿಗಿದುಕೊಂಡ. ಹೊಲಿಗೆ ಯಂತ್ರದ ಪೆಡಲ್ ತುಳಿಯತೊಡಗಿದ. ಪಾದ ಏರಿಳಿದಂತೆಲ್ಲ ಪಟ್ಟಿಯ ಪುಟ್ಟ ಪರದೆಯಲ್ಲಿ ಹೆಜ್ಜೆಗಳು ಕೂಡುತ್ತ ಹೋದವು.

ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದಾಗ ಅವನು ನಕ್ಕಿದ್ದ. ಒಂಬತ್ತನೇ ತರಗತಿಯ ಮಗಳು ನಗಲಿಲ್ಲ. ಓಟದಲ್ಲಿ ತನಗೆ ಬಹುಮಾನ ಬಂದಿದ್ದ, ಹೆಜ್ಜೆ ಎಣಿಸುವ ಆ ಪಟ್ಟಿಯನ್ನು ಅಪ್ಪನ ಕೈಗೆ ಕಟ್ಟಿದಳು. ಅಪ್ಪನೊಬ್ಬನೇ ಬಾಯಿ ಕಟ್ಟಬಾರದೆಂದು ತಾನೂ ಸಪ್ಪೆ ಟೀ ಕುಡಿಯತೊಡಗಿದಳು. ಕೆಲವು ದಿನ ಅವನು ನಿಜಕ್ಕೂ ನಡೆದ. ಆಮೇಲೆ ಶಾಲೆಯ ಸಮವಸ್ತ್ರಗಳ ರಾಶಿ ಬಂದು ಬಿತ್ತು. ಪಟ್ಟಿ ಕಾಲಿಗಿಳಿಯಿತು.

ರಾತ್ರಿ ಊಟಕ್ಕೆ ಕೂತಾಗ ಮಗಳು, ಪಟ್ಟಿ ಮತ್ತೆ ಏರಿದ್ದ ಅವನ ಮಣಿಕಟ್ಟು ಹಿಡಿದು ಕೂಗಿದಳು. "ಅಮ್ಮಾ, ಅಪ್ಪ ಇವತ್ತು ನನಗಿಂತ ಜಾಸ್ತಿ ನಡೆದಿದಾನೆ!"

"ಗಾಣದೆತ್ತಿನ ಹಾಗೆ ಮೆಷಿನ್ ಸುತ್ತಾನೇ ತಿರುಗಿರಬೇಕು," ಎಂದಳು ಹೆಂಡತಿ.

"ನಿಂಗೆ ಹೊಟ್ಟೆಕಿಚ್ಚು, ಬಿಡು," ಎಂದಳು ಮಗಳು.

ದರ್ಜಿ ತಲೆ ತಗ್ಗಿಸಿ ಉಂಡ.

ಭಾನುವಾರ ಅವಳು ಗೆಳತಿಯನ್ನು ಕರೆತಂದಳು. "ಅಪ್ಪಾ, ನೀರಿನ ಟ್ಯಾಂಕಿನ ದಿಬ್ಬ ಹತ್ತೋಣ ಬಾ. ನಿಂಗೀಗ ಅದೇನು ಮಹಾ!" ಮಂಡಿ ನೋವೆಂದ, ಬಿಸಿಲೆಂದ. ಅವಳು ಕೈ ಹಿಡಿದು ಎಳೆದೊಯ್ದಳು.

ದಿಬ್ಬದ ಮೆಟ್ಟಿಲುಗಳನ್ನು ಅರ್ಧ ಹತ್ತುವಷ್ಟರಲ್ಲೇ ಉಸಿರು ಮೇಲೆ ಕೆಳಗಾಗಿ, ಅವನು ಕುಸಿದು ಕೂತ. ಗೆಳತಿ ಆಗಲೇ ತುದಿ ಮುಟ್ಟಿದ್ದಳು.

"ಏನೇ, ನಿಮ್ಮಪ್ಪ ನಮ್ಮನ್ನೇ ಹಿಂದೆ ಹಾಕ್ತಾರೆ ಅಂದಿದ್ದೆ?"

ಕೆಲವು ಮೆಟ್ಟಿಲು ಮುಂದಿದ್ದ ಮಗಳು ಕೆಳಗಿಳಿದು ಬಂದಳು. ಪ್ಯಾಂಟು ಮೇಲೆ ಸರಿದು ಅವನ ಬಲಗಾಲಿನ ಗಿಣ್ಣು ಕಾಣುತ್ತಿತ್ತು. ಅದರ ಸುತ್ತ ಪಟ್ಟಿಯಷ್ಟೇ ಅಗಲಕ್ಕೆ ಚರ್ಮ ತಿಕ್ಕಿ ಕೆಂಪಾಗಿತ್ತು.

"ಇದೇನಪ್ಪಾ ಗಾಯ?"

"ಪೆಡಲ್..." ಎಂದ. ಪ್ಯಾಂಟು ಕೆಳಗೆಳೆದುಕೊಂಡ.

ಅವಳು ಅವನ ಕಾಲನ್ನು, ಮಣಿಕಟ್ಟನ್ನು, ಮತ್ತೆ ಕಾಲನ್ನು ನೋಡಿದಳು. ಬೈಯಲಿ ಎಂದು ಅವನು ಕಾದ.

"ಬರ್ತೀರೇನೇ?" ಮೇಲಿನಿಂದ ಕೂಗು.

"ನೀನು ಅಲ್ಲೇ ಇರೇ! ನನ್ನ ಶೂ ಲೇಸು ಬಿಚ್ಚಿಹೋಗಿದೆ," ಎಂದು ಕೂಗಿ ಹೇಳಿ, ಅವನ ಕೆಳಗಿನ ಮೆಟ್ಟಿಲ ಮೇಲೆ ಬೆನ್ನು ಮಾಡಿ ಕೂತಳು. ಬಿಗಿಯಾಗಿಯೇ ಇದ್ದ ಲೇಸನ್ನು ಬಿಚ್ಚಿದಳು. ಒಂದೊಂದೇ ತೂತಿನಿಂದ ಪೂರ್ತಿ ಹೊರಗೆಳೆದು, ಮತ್ತೆ ಮೊದಲಿನಿಂದ, ನಿಧಾನವಾಗಿ ಪೋಣಿಸತೊಡಗಿದಳು.