ಏಳನೇ ಭಾಗದ ಕೊನೆಯ ಹಾಳೆ

ಬೈಂಡರ್ ಮಾಮ ಮೂವತ್ತು ವರ್ಷ ಗ್ರಂಥಾಲಯದ ಪುಸ್ತಕಗಳಿಗೆ ರಟ್ಟು ಕಟ್ಟಿದ್ದನೇ ಹೊರತು ಒಂದನ್ನೂ ಓದಿದವನಲ್ಲ. ಐವತ್ತೆಂಟನೇ ವಯಸ್ಸಿನಲ್ಲಿ ಕಾಲು ಮುರಿದುಕೊಂಡು ಮಲಗಿದಾಗ, ಹೊಸ ರಟ್ಟಿಗೆಂದು ಬಂದಿದ್ದ ಏಳು ಭಾಗಗಳ ಮಕ್ಕಳ ಕಥೆಯೊಂದನ್ನು ತೆರೆದ. ಆಮೆಯ ಬೆನ್ನ ಮೇಲೊಂದು ಊರು, ಆ ಆಮೆಯನ್ನು ಸಮುದ್ರ ದಾಟಿಸುವ ಹುಡುಗಿ. ಊಟ ನಿದ್ದೆ ಬಿಟ್ಟು ಏಳು ಭಾಗವನ್ನೂ ನುಂಗಿದ. ಏಳನೆಯದರ ಕೊನೆಗೆ ಆಮೆ ಮುಳುಗತೊಡಗಿತು. ಪುಟ ತಿರುಗಿಸಿದರೆ ಖಾಲಿ ಹಾಳೆ!

ಮುರಿದ ಕಾಲು ಆ ಕ್ಷಣವೇ ಕೂಡಿಕೊಂಡಿತು. ಗ್ರಂಥಾಲಯಕ್ಕೆ ನುಗ್ಗಿ ಅವನು ಕೂಗಿದ ಕೂಗಿಗೆ ಗೋಡೆಯ ಗಡಿಯಾರ ಹತ್ತು ನಿಮಿಷ ಹಿಂದೆ ಸರಿಯಿತು.

"ಯಾವ ಕತ್ತೆ ರೀ ಇದನ್ನ ಬೈಂಡ್ ಮಾಡಿದ್ದು? ಅವನ ಕೈ ಮುರೀತೀನಿ!"

ಗ್ರಂಥಪಾಲಕಿ ಹಿಂದಿನ ರಟ್ಟು ತೆರೆದಳು. ಅವನದೇ ಮೊಹರು. ಕುತೂಹಲ ತಡೆಯಲಾರದ ಮಕ್ಕಳು ಮೊದಲು ಆ ಕೊನೆಯ ಹಾಳೆಯನ್ನೇ ನೋಡಿ ನೋಡಿ ಹರಿಯುತ್ತಿದ್ದರು. ಹರಿದದ್ದನ್ನು ಕಿತ್ತೆಸೆದು ಬಿಳಿ ಹಾಳೆ ಅಂಟಿಸುವುದು ಮಾಮನ ಪದ್ಧತಿ.

"ಬೇರೆ ಪ್ರತಿ ಕೊಡ್ರೀ!"

"ಇರೋ ನಾಲ್ಕು ಪ್ರತಿಗೂ ನಿಮ್ಮದೇ ಕೈ ಬಿದ್ದಿದೆ ಮಾಮ, ನಾನು ಕೆಲಸಕ್ಕೆ ಬರೋ ಮುಂಚೆನೇ. ಆ ಹಾಳೆ ನಾನೂ ಓದಿಲ್ಲ. ಈಗೆಲ್ಲೂ ಅಚ್ಚಾಗಲ್ಲ. ಆಮೆ ಬದುಕ್ತಾ ಅಂತ ಮಕ್ಕಳು ಕೇಳಿದ್ರೆ, ಮುಖ ನೋಡಿ ಒಬ್ಬೊಬ್ಬರಿಗೆ ಒಂದೊಂದು ಹೇಳಿ ಕಳಿಸ್ತೀನಿ. ನಿಮಗೆ ಯಾವುದು ಬೇಕು?"

"ನಿಜವಾದದ್ದು!"

"ಅದು ನಿಮ್ಮ ರದ್ದಿ ಬುಟ್ಟೀಲಿತ್ತು."

ಬೈಯಲು ಇನ್ಯಾರೂ ಉಳಿದಿರಲಿಲ್ಲ, ಸಿಟ್ಟು ಮಾತ್ರ ಇಳಿದಿರಲಿಲ್ಲ. ಮಾಮ ಕುರ್ಚಿ ಎಳೆದು ಧೊಪ್ಪನೆ ಕೂತ.

"ಬದುಕ್ತು ಅಂತಾನೇ ಹೇಳಿ," ಎಂದು ಗುರುಗುಟ್ಟಿದ. "ಆದ್ರೆ ಒಂದು ಹಾಳೆ ತುಂಬೋ ಅಷ್ಟು ಹೇಳಬೇಕು!"