ಸುನಂದಾಳ ಒಂದು ಷೇರು

ಬ್ಲೂಮೇರು ಅಪೇರಲ್ಸ್ ಕಂಪನಿಯ ವಾರ್ಷಿಕ ಸಭೆಯಲ್ಲಿ ಮಾತಾಡಲು ನಿಮಗೆ ಅವಕಾಶ ಕೊಟ್ಟಿದ್ದೇವೆ ಎಂಬ ಸಂದೇಶ ಸುನಂದಾಳ ಫೋನಿಗೆ ಬಂದದ್ದು ಚಹಾದ ಬಿಡುವಿನಲ್ಲಿ. ಬಳ್ಳಾರಿಯಿಂದ ಮೋಕಕ್ಕೆ ಹೋಗುವ ರಸ್ತೆಯಲ್ಲಿ ಜೀನ್ಸ್ ಪ್ಯಾಂಟು ತೊಳೆದು ಬಣ್ಣ ಇಳಿಸುವ ಯೂನಿಟ್ಟೊಂದರಲ್ಲಿ ಅವಳ ಕೆಲಸ. ಬೆರಳ ಸಂದಿಯಲ್ಲೆಲ್ಲ ನೀಲಿ. ಆ ನೀಲಿ ಕೈಯಲ್ಲೇ ಫೋನ್ ಹಿಡಿದು ಓದಿದಳು, ಇನ್ನೊಮ್ಮೆ ಓದಿದಳು, ಆಮೇಲೆ ಯಾರಿಗೂ ಕಾಣದಂತೆ ಸೆರಗಿನ ಮರೆಯಲ್ಲಿ ಇಟ್ಟುಕೊಂಡಳು.

ಮನೆಗೆ ಬಂದವಳೇ ಅತ್ತೆ ಚನ್ನವೀರಮ್ಮನ ಮುಂದೆ ಸುದ್ದಿ ಒದರಿದಳು.

"ಷೇರು ಅಂದ್ರ ಏನವ್ವಾ?" ರೊಟ್ಟಿ ಬಡಿಯುತ್ತಿದ್ದ ಚನ್ನವೀರಮ್ಮ ಕೈ ನಿಲ್ಲಿಸಿ ಕೇಳಿದಳು.

"ಕಂಪನಿಯೊಳಗ ಒಂದು ಪಾಲು, ಅತ್ತಿ. ಜಂಬಣ್ಣನೋರು ನನ್ನ ಹೆಸರಿಲೆ ಒಂದು ತಗೊಂಡಾರ."

"ಹಂಗಾದ್ರ ನೀನೂ ಮಾಲಕಿ ಆದಿ."

"ಆದೆ. ಸಾಸಿವಿಕಾಳಿನಷ್ಟು."

"ಎಷ್ಟರ ಆಗ್ಲಿ, ಮಾಲಕಿ ಮಾಲಕೀನ. ಅವತ್ತು ಛಲೋ ಸೀರಿ ಉಟ್ಕೊಂಡು ಹೋಗು."

ಈ ಷೇರಿನ ಉಸಾಬರಿ ಶುರುವಾದದ್ದು ಬೇಸಿಗೆಯ ಒಂದು ಮಧ್ಯಾಹ್ನ. ಯೂನಿಟ್ಟಿನಲ್ಲಿ ಬಟ್ಟೆ ಒಣಗಿಸುವ ಕಡೆ ಉಗಿಯ ಪೈಪು ಒಡೆದು, ಕೋಣೆಯಲ್ಲೆಲ್ಲ ಬಿಸಿ ಉಗಿ ಹೊಗೆಯಂತೆ ತುಂಬಿಕೊಂಡಿತು. ಹೆಂಗಸರು ಕೂಗುತ್ತ ಹಿಂಬಾಗಿಲಿಗೆ ಓಡಿದರು. ಬಾಗಿಲಿಗೆ ಹೊರಗಲ್ಲ, ಒಳಗೇ ಸರಪಳಿ ಬಿಗಿದು ಬೀಗ ಜಡಿದಿತ್ತು. ಪ್ಯಾಂಟು ಕದ್ದೊಯ್ಯುತ್ತಾರೆಂದು ಮಾಲೀಕ ಹಾಕಿಸಿದ ಬೀಗ. ಕೀಲಿ ಅವನ ಕಾರಿನಲ್ಲಿ, ಕಾರು ಊರೊಳಗೆ. ಎಲ್ಲರೂ ತಿರುಗಿ ಉಗಿಯೊಳಗಿಂದಲೇ ಮುಂಬಾಗಿಲಿಗೆ ನುಗ್ಗಬೇಕಾಯಿತು. ಕುರುಗೋಡಿನಿಂದ ದಿನಾ ಬಸ್ಸಿಗೆ ಬರುತ್ತಿದ್ದ ಅಂಬಮ್ಮ ಎಲ್ಲರಿಗಿಂತ ಹಿಂದೆ ಉಳಿದಳು. ಅವಳ ಬಲಗೈ ಮೊಣಕೈಯಿಂದ ಬೆರಳಿನ ತನಕ ಬೆಂದುಹೋಯಿತು.

ಆಸ್ಪತ್ರೆಗೆ ಬಂದ ಮಾಲೀಕ, "ಅಂಬಮ್ಮ ನಮ್ಮ ಕೆಲಸದಾಕಿ ಅಲ್ಲ, ಗುತ್ತಿಗಿಯವನ ಕಡಿಯಾಕಿ" ಎಂದ. ಗುತ್ತಿಗೆಯವನು ಫೋನ್ ಎತ್ತಲಿಲ್ಲ. ಯೂನಿಟ್ಟಿನಲ್ಲಿ ತೊಳೆಯುತ್ತಿದ್ದ ಪ್ಯಾಂಟುಗಳೆಲ್ಲ ಮುಂಬೈಯ ಬ್ಲೂಮೇರು ಕಂಪನಿಯವು. ಆ ಕಂಪನಿಗೆ ಬರೆದರೆ, ಅಂಥ ಯೂನಿಟ್ಟೇ ನಮಗೆ ಗೊತ್ತಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು.

ಬರೆದವನು ಜಂಬುನಾಥ, ಸುನಂದಾ ಜಂಬಣ್ಣ ಎನ್ನುವವನು. ಬ್ರೂಸ್‌ಪೇಟೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿಯ ಮಹಡಿಯ ಮೇಲೆ ಅವನದೊಂದು ಕೋಣೆ. ಬಳ್ಳಾರಿಯ ಟೈಲರುಗಳ ಸಂಘ, ಸಿರುಗುಪ್ಪದ ಮಹಿಳಾ ಒಕ್ಕೂಟ, ಕಬ್ಬಿಣದ ಕಾರ್ಖಾನೆಯ ಮಸಿಯ ವಿರುದ್ಧ ಗುದ್ದಾಡುತ್ತಿದ್ದ ಕುರುಗೋಡಿನ ರೈತರು, ಬೆಂಗಳೂರಿನ ಒಬ್ಬಿಬ್ಬರು ವಕೀಲರು, ಹೀಗೆ ಒಬ್ಬರಿಗೊಬ್ಬರು ಆಸರೆಯಾಗಿದ್ದ ಜಾಲವೊಂದಕ್ಕೆ ಅವನು ಓಡಾಡುವ ಮನುಷ್ಯ. ಕಂಪನಿಗಳು ದುಡಿಸಿಕೊಳ್ಳುವವರಿಗೂ ಅಕ್ಕಪಕ್ಕದ ಊರಿಗೂ ಉತ್ತರ ಹೇಳಬೇಕು ಎಂಬುದಷ್ಟೇ ಆ ಜಾಲದ ಮಾತು. ಹೊರಗೆ ನಿಂತು ಕೂಗಿದರೆ ಕೇಳದ ಕಂಪನಿಯನ್ನು ಒಳಗೇ ಹೋಗಿ ಕೇಳೋಣ, ಒಂದೇ ಷೇರಿದ್ದರೂ ಸಭೆಯಲ್ಲಿ ಪ್ರಶ್ನೆ ಕೇಳಬಹುದು ಎಂದವರು ವಕೀಲರು. ಯಾರ ಹೆಸರಿನಲ್ಲಿ ಎಂಬ ಮಾತು ಬಂದಾಗ ಇನ್ನೂ ಅದೇ ಯೂನಿಟ್ಟಿನಲ್ಲಿ ದುಡಿಯುತ್ತಿದ್ದ ಸುನಂದಾ ಮೊದಲು ಕೈ ಎತ್ತಿದ್ದಳು. ಎತ್ತಿದ ಮೇಲೆ ಹೆದರಿದ್ದಳು.

ಸಭೆಯ ದಿನ ಯೂನಿಟ್ಟಿಗೆ ಹೊಟ್ಟೆನೋವೆಂದು ರಜೆ ಹೇಳಿ, ಮದುವೆ ಸೀರೆ ಉಟ್ಟು ಸುನಂದಾ ಬ್ರೂಸ್‌ಪೇಟೆಯ ಮಹಡಿ ಹತ್ತಿದಳು. ಕೆಳಗೆ ಅಂಗಡಿಯವನು ಕೊಡಗಳನ್ನು ಇಳಿಸಿಕೊಳ್ಳುತ್ತಿದ್ದ, ಢಣಢಣ ಸದ್ದು. ಸಭೆ ಆನ್‌ಲೈನಿನಲ್ಲಿ ನಡೆಯುವುದಿತ್ತು; ಜಂಬುನಾಥ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದ. ಅಂಬಮ್ಮ ಆಗಲೇ ಬಂದು ಗೋಡೆಗೆ ಒರಗಿದ್ದಳು.

"ಇಂಗ್ಲಿಷ್ ಮಾತು ಬಾಯಿಪಾಠ ಆತಾ ತಂಗೀ?" ಜಂಬುನಾಥ ಕೇಳಿದ.

"ಆಗೇತಣ್ಣ. ಆದ್ರ ಇನ್ನೊಮ್ಮಿ ಹೇಳಿ ನೋಡ್ತೀನಿ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಸಿರುಗುಪ್ಪದ ರಾಧಾ ಏದುಸಿರು ಬಿಡುತ್ತ ಒಳಗೆ ನುಗ್ಗಿದಳು. ಹಿಂದಿನ ವರ್ಷ ಯೂನಿಟ್ಟಿನ ಕೆಲಸ ಬಿಟ್ಟು ಈಗ ಮಹಿಳಾ ಒಕ್ಕೂಟದಲ್ಲಿದ್ದ ಹುಡುಗಿ.

"ಸುನಂದಕ್ಕ, ಜಲ್ದಿ ನೋಡು, ಜಲ್ದಿ! ಬಸ್ಸಿನಾಗ ಸುಮ್ನ ಹಳೇ ಫೋಟೋ ತಿರುವಾಕ ಹತ್ತಿದ್ದೆ, ಇದು ಸಿಕ್ತು!"

ಅವಳ ಫೋನಿನಲ್ಲಿ ಆಯುಧಪೂಜೆಯ ಫೋಟೋ. ಚೆಂಡುಹೂ ಕಟ್ಟಿದ ಯಂತ್ರಗಳು. ನಡುವೆ ರೇಷ್ಮೆ ಶಲ್ಯ ಹೊದ್ದ ಮಾಲೀಕ. ಸುತ್ತ ಹಲ್ಲು ಕಿರಿಯುತ್ತ ನಿಂತ ಹೆಂಗಸರು, ಅವರಲ್ಲಿ ಸುನಂದಾ, ಅಂಬಮ್ಮ. ಜಂಬುನಾಥ ಫೋಟೋವನ್ನು ದೊಡ್ಡದು ಮಾಡಿದ. ಬಲಗಡೆ ಒಟ್ಟಿದ ಡಬ್ಬಗಳ ಮೇಲೆ ದಪ್ಪ ಅಕ್ಷರದಲ್ಲಿ ಬ್ಲೂಮೇರು ಅಪೇರಲ್ಸ್. ಎಡಗಡೆ ಹಿಂಬಾಗಿಲು, ಸರಪಳಿ, ಬೀಗ. ಬೀಗಕ್ಕೂ ಯಾರೋ ಭಕ್ತಿಯಿಂದ ಕುಂಕುಮ ಹಚ್ಚಿದ್ದರು.

"ಅಬ್ಬಬ್ಬಾ!" ಜಂಬುನಾಥ ಎದ್ದೇ ನಿಂತ. "ಕಂಪನಿನೂ ಇಲ್ಲೇ ಐತಿ, ಬೀಗಾನೂ ಇಲ್ಲೇ ಐತಿ!"

ಸಭೆ ಶುರುವಾಯಿತು. ಪರದೆಯ ಮೇಲೆ ಟೈ ಕಟ್ಟಿದ ಅಧ್ಯಕ್ಷರು ಲಾಭದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಷೇರುದಾರರು ಒಬ್ಬೊಬ್ಬರೇ ಬಂದು ಹೊಗಳಿ ಹೋದರು. ಇದ್ದಕ್ಕಿದ್ದಂತೆ ತನ್ನ ಹೆಸರು ಕೇಳಿ ಸುನಂದಾ ಬೆಚ್ಚಿದಳು. ಕ್ಯಾಮೆರಾದ ಪಕ್ಕದ ದೀಪ ಹತ್ತಿತು.

"ರೆಸ್ಪೆಕ್ಟೆಡ್ ಚೇರ್ಮನ್ ಸರ್..." ಎಂದಳು. ಅಷ್ಟೇ. ಮುಂದಿನ ಸಾಲು ಎಲ್ಲಿ ಹೋಯಿತೋ ಹೋಯಿತು. ಜಂಬುನಾಥ ತುಟಿ ಅಲ್ಲಾಡಿಸಿ ತೋರಿಸುತ್ತಿದ್ದ, ಅದೂ ತಿಳಿಯಲಿಲ್ಲ. ಪಕ್ಕದಲ್ಲಿ ಅಂಬಮ್ಮ ಸುಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದಳು. ಸುನಂದಾ ತನ್ನ ಮಾತಿನಲ್ಲೇ ಶುರು ಮಾಡಿದಳು.

"ಸಾಹೇಬ್ರ, ನಾನು ನಿಮ್ಮ ಪ್ಯಾಂಟು ತೊಳಿಯಾಕಿ. ಬಳ್ಳಾರಿಯಾಕಿ. ನಾವು ದುಡಿಯೋ ಕಡಿ ಉಗಿ ಪೈಪು ಒಡೀತ್ರಿ, ಹಿಂದಿನ ಬಾಗಲಕ್ಕ ಬೀಗ..."

"ಮೇಡಂ, ಇಂಗ್ಲಿಷ್ ಪ್ಲೀಸ್, ಅಥವಾ ಹಿಂದಿ," ಎಂದು ನಡುವೆ ಒಂದು ದನಿ ಬಂತು. ಅವಳು ನಿಲ್ಲಿಸಲಿಲ್ಲ. ಆ ದನಿ ಥ್ಯಾಂಕ್ಯೂ ಎಂದಿತು, ಅವಳ ಮಾತು ಕತ್ತರಿಸಿತು, ಮುಂದಿನ ಷೇರುದಾರರನ್ನು ಕರೆಯಿತು.

ಸುನಂದಾಳ ಕಣ್ಣು ತುಂಬಿದವು. ಇಷ್ಟು ತಿಂಗಳ ಓಡಾಟ ಇಷ್ಟಕ್ಕೇನಾ?

ಪರದೆಯ ಮೇಲೆ ವಿಭೂತಿ ಹಚ್ಚಿದ ಮುದುಕರೊಬ್ಬರು ಬಂದರು. ದಾವಣಗೆರೆಯ ಮೈಲಾರಲಿಂಗಪ್ಪ, ನಿವೃತ್ತ ಬ್ಯಾಂಕ್ ಮ್ಯಾನೇಜರ್. ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಏನೋ ಗದರಿದರು. ಜಂಬುನಾಥ ಹಲ್ಲು ಬಿಟ್ಟು ಪಿಸುಗುಟ್ಟಿದ: "ತಮ್ಮ ಹೊತ್ತು ನಿನಗ ಕೊಟ್ಟಾರವ್ವಾ! ಆಕಿನ್ನ ಬಿಡದಿದ್ರ ನನ್ನ ಆಕ್ಷೇಪ ಬರಕೊಳ್ರಿ ಅಂತಾರ!"

ಅಧ್ಯಕ್ಷರು ಆಗಲಿ ಎಂಬಂತೆ ತಲೆಯಾಡಿಸಿದರು. ಸುನಂದಾಳ ಮುಖ ಮತ್ತೆ ಪರದೆಗೆ ಬಂತು.

"ಮಾತಾಡ್ರಿ ತಾಯಿ," ಎಂದರು ಮೈಲಾರಲಿಂಗಪ್ಪ. "ಹೆದರಬ್ಯಾಡ್ರಿ. ನೀವು ಹೇಳಿದ್ದನ್ನ ನಾನು ಇವರಿಗೆ ತಿಳಿಸ್ತೀನಿ."

ಸುನಂದಾ ಹೇಳಿದಳು. ಉಗಿ, ಬೀಗ, ಓಟ, ಅಂಬಮ್ಮನ ಕೈ. ಅವಳು ಒಂದು ಮಾತು ಆಡಿದರೆ ಮುದುಕರು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ತಿರುಗಿಸುತ್ತ ತಿರುಗಿಸುತ್ತ ಅವರ ದನಿಯೇ ಏರುತ್ತಿತ್ತು. ಅಧ್ಯಕ್ಷರು ಕೈ ಎತ್ತಿ ತಡೆದರು. ಆ ಯೂನಿಟ್ಟು ತಮ್ಮ ಪಟ್ಟಿಯಲ್ಲೇ ಇಲ್ಲ, ಸಂಬಂಧವೇ ಇಲ್ಲ ಎಂದರೆಂದು ಮುದುಕರು ತಿಳಿಸಿದರು.

"ಇಲ್ಲೇನ್ರಿ?" ಸುನಂದಾ ರಾಧಾಳ ಫೋನ್ ಕಿತ್ತುಕೊಂಡು ಕ್ಯಾಮೆರಾಕ್ಕೆ ಹಿಡಿದಳು. "ಇದ ನೋಡ್ರಿ. ಇದು ನಾನು. ಈಕಿ ಅಂಬಕ್ಕ. ಈ ಡಬ್ಬದ ಮ್ಯಾಲಿನ ಹೆಸರು ಓದ್ರಿ. ಈ ಬಾಗಲ ನೋಡ್ರಿ. ಕುಂಕುಮ ಹಚ್ಚಾಕ ಕೈಗೆ ಸಿಗೋ ಬೀಗ, ತೆಗಿಯಾಕ ಯಾಕ ಸಿಗಲಿಲ್ರಿ? ನಾನೂ ಈ ಕಂಪನಿ ಪಾಲುದಾರಳು. ನನಗ ಉತ್ತರ ಬೇಕು."

ಮೈಲಾರಲಿಂಗಪ್ಪ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಡಬ್ಬದ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿದರು. ಅಂಬಮ್ಮ ಯಾರೂ ಹೇಳದೆಯೇ ಮುಂದೆ ಸರಿದು, ಸೆರಗು ಸರಿಸಿ, ತನ್ನ ಕೈಯನ್ನು ಕ್ಯಾಮೆರಾದ ಮುಂದೆ ಚಾಚಿದಳು.

ಅಧ್ಯಕ್ಷರು ಪಕ್ಕದವರ ಕಿವಿಯಲ್ಲಿ ಏನೋ ಕೇಳಿದರು. ನೀರು ಕುಡಿದರು. ಕೊನೆಗೆ ನಿಧಾನವಾಗಿ ಮಾತಾಡಿದರು. ಮುದುಕರು ಕನ್ನಡದಲ್ಲಿ ಹೇಳುತ್ತ ಹೋದರು. ಇದು ತಮ್ಮ ಗಮನಕ್ಕೆ ಬಂದಿರಲಿಲ್ಲವಂತೆ. ಈ ವಾರವೇ ಕಂಪನಿಯವರು ಬಳ್ಳಾರಿಗೆ ಬರುತ್ತಾರಂತೆ. ಅಂಬಮ್ಮನ ಚಿಕಿತ್ಸೆ ಕಂಪನಿಯ ಹೊಣೆಯಂತೆ. ಪ್ರಶ್ನೆ ಕೇಳಿದವರನ್ನು ಕೆಲಸದಿಂದ ತೆಗೆಯದಂತೆ ನೋಡಿಕೊಳ್ಳುತ್ತಾರಂತೆ. ಎಲ್ಲವನ್ನೂ ಸಭೆಯ ನಡಾವಳಿಯಲ್ಲಿ ಬರೆದಿಡಿ ಎಂದು ಮುದುಕರು ತಾವೇ ಪಟ್ಟು ಹಿಡಿದರು.

ದೀಪ ಆರಿದ್ದೇ ತಡ ರಾಧಾ ಕೇಕೆ ಹಾಕಿದಳು. ಸುನಂದಾ ಅಂಬಮ್ಮನನ್ನು ಎಡಗಡೆಯಿಂದ ತಬ್ಬಿಕೊಂಡು ಅಳುತ್ತ ನಕ್ಕಳು. ಕೆಳಗಿನಿಂದ ಪಾತ್ರೆ ಅಂಗಡಿಯವನು, "ಏನಾತ್ರಿ ಮ್ಯಾಲೆ, ಮನಿ ಬಿತ್ತೇನು?" ಎಂದು ಕೂಗಿದ. "ಇಲ್ಲಣ್ಣ, ಎದ್ದು ನಿಂತೈತಿ!" ಎಂದ ಜಂಬುನಾಥ.

ಆ ಸಂಭ್ರಮದ ನಡುವೆಯೇ ಸುನಂದಾಳ ಫೋನ್ ಬಡಿದುಕೊಂಡಿತು. ಮಾಲೀಕ. ಮುಂಬೈಯಿಂದ ಅವನಿಗೆ ಆಗಲೇ ಸುದ್ದಿ ಮುಟ್ಟಿತ್ತು.

"ಹೊಟ್ಟಿಬ್ಯಾನಿ ಅಂದೆಲ್ಲ? ನಾಳಿಂದ ಬರಬ್ಯಾಡ."

"ಬರ್ತೀನ್ರಿ," ಎಂದಳು ಸುನಂದಾ.

ಮರುದಿನ ಕಾವಲುಗಾರ ಗೇಟು ತೆರೆಯಲಿಲ್ಲ. ಸುನಂದಾ ಗೇಟಿನೆದುರು ನಿಂತಳು. ಕೆಲಸಕ್ಕೆ ಬಂದ ಹೆಂಗಸರು ಒಳಗೆ ಹೋಗುವ ಬದಲು ಅವಳ ಪಕ್ಕ ಬಂದು ನಿಂತರು. ಮೊದಲು ಒಬ್ಬಳು, ಆಮೇಲೆ ಗುಂಪು. ಸುದ್ದಿ ಕೇಳಿ ಸಿರುಗುಪ್ಪದ ಒಕ್ಕೂಟದವರು ಒಂದು ಟೆಂಪೋ ತುಂಬ ಬಂದಿಳಿದರು, ಕೈಯಲ್ಲಿ ಬುತ್ತಿಗಂಟು ಸಮೇತ. ಯಂತ್ರಗಳು ಸುಮ್ಮನೆ ನಿಂತವು. ಮಧ್ಯಾಹ್ನದ ಹೊತ್ತಿಗೆ ಮುಂಬೈಯಿಂದ ಮಾಲೀಕನಿಗೆ ಫೋನ್ ಬಂತು. ಗೇಟು ತೆರೆಯಿತು. ಒಳಗೆ ಹೋಗುವಾಗ ಸುನಂದಾ ಅವನ ಮುಖ ನೋಡಿದಳು. ಅವನು ಕೆಳಗೆ ನೋಡಿದ.

ವಾರದೊಳಗೆ ಕಂಪನಿಯ ಇಬ್ಬರು ಬಂದರು. ಸರಪಳಿ ಹೋಯಿತು. ಹಿಂಬಾಗಿಲಿಗೆ ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳುವ ಹೊಸ ಕದ ಬಂತು. ಅಂಬಮ್ಮನ ಕೈಗೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು; ಬೆರಳುಗಳು ಈಗ ಅರ್ಧ ಮಡಚುತ್ತವೆ. ಗುತ್ತಿಗೆಯವನ ಲೆಕ್ಕ ಮಾತ್ರ ಇನ್ನೂ ಬಗೆಹರಿದಿಲ್ಲ, ಜಂಬುನಾಥ ಅದರ ಹಿಂದೆ ಬಿದ್ದಿದ್ದಾನೆ.

ಒಂದು ಭಾನುವಾರ ಕುರುಗೋಡಿನಿಂದ ಕರೆ ಬಂತು. ಬಿಳಿ ಹತ್ತಿಯ ಮೇಲೆ ಕಬ್ಬಿಣದ ಕಾರ್ಖಾನೆಯ ಮಸಿ ಕೂರುವುದನ್ನು ನೋಡಿ ನೋಡಿ ಬೇಸತ್ತ ಹೆಂಗಸರು ಅಂಬಮ್ಮನ ಅಂಗಳದಲ್ಲಿ ಸೇರಿದ್ದರು. ಸುನಂದಾ ಬಸ್ಸಿಳಿದು ಬರುವುದರೊಳಗೆ ಅಲ್ಲಿ ಜಗಳವೇ ಹತ್ತಿತ್ತು.

"ಕಾರ್ಖಾನಿ ಷೇರು ನನ್ನ ಹೆಸರಿಲೆ ಇರ್ಲಿ," ಎನ್ನುತ್ತಿದ್ದಳು ಈರಮ್ಮ ಎಂಬಾಕೆ. "ನನ್ನ ಹೊಲಾನ ಕಾರ್ಖಾನಿ ಗ್ವಾಡಿಗೆ ಹತ್ತೇತಿ."

"ನಿನ್ನ ಬಾಯಿ ಮೆತ್ತಗ ಐತಿ. ಬೈಯಾಕ ನಾನ ಬೇಕು," ಎಂದಳು ಮಂಜಮ್ಮ.

"ಬೈಯಾಕ ಅಲ್ರವ್ವಾ, ಕೇಳಾಕ!" ಸುನಂದಾ ನಗುತ್ತ ಚಪ್ಪಲಿ ಬಿಟ್ಟು ಅವರ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತಳು. "ಮೊದ್ಲ ಎಲ್ಲಾರೂ ಹತ್ರ ಬರ್ರಿ. ಏನು ಕೇಳಬೇಕಂತೀರಿ, ಒಬ್ಬೊಬ್ರ ಹೇಳ್ರಿ."

ಎಲ್ಲರೂ ಒಟ್ಟಿಗೇ ಬಾಯಿ ತೆರೆದರು.