ಒಂದೇ ಹೆಸರು, ಬೇರೆ ಬೇರೆ ಊರು

ಚಿದಾನಂದಪ್ಪನವರ ಹಟವೆಂದರೆ ಹಟ. ಬಳ್ಳಾರಿಯ ಈ ಹತ್ತಿ ಸಾಹುಕಾರರ ಲಾರಿಗಳ ಹಣೆಯ ಮೇಲೆಲ್ಲ ತೀರಿಹೋದ ತಂದೆ ಕೊಟ್ಟೂರಪ್ಪನ ಹೆಸರೇ. ೧೯೮೯ರಲ್ಲಿ ಅಂಗಡಿಗೆ ನಾಲ್ಕು ಕಂಪ್ಯೂಟರ್ ತರಿಸಿದಾಗಲೂ ಅದೇ ಮಾತು: "ಇವಕ್ಕೂ ನಮ್ಮಪ್ಪನ ಹೆಸರ ಇಡ್ರಿ." ಎಂಜಿನಿಯರ್ ಉಚ್ಚೆಂಗೆಪ್ಪ ಒಂದನ್ನು ಸಿದ್ಧಮಾಡಿ, ಅದರೊಳಗಿದ್ದುದನ್ನೆಲ್ಲ ಹೆಸರಿನ ಸಮೇತ ಉಳಿದ ಮೂರಕ್ಕೂ ನಕಲು ಮಾಡಿ, ನಾಲ್ಕನ್ನೂ ತಂತಿಯಿಂದ ಒಂದೇ ಜಾಲಕ್ಕೆ ಜೋಡಿಸಿದ.

ಆಮೇಲೆ ಶುರುವಾಯಿತು ನೋಡಿ ಪಜೀತಿ! ಮೊದಲು ಚಾಲೂ ಮಾಡಿದ್ದಕ್ಕೆ ಮಾತ್ರ ಸಂಪರ್ಕ. ಉಳಿದವನ್ನು ಚಾಲೂ ಮಾಡಿದರೆ, ಈ ಹೆಸರಿನವನು ಆಗಲೇ ಒಳಗಿದ್ದಾನೆ ಎಂದು ಜಾಲ ಅವನ್ನು ಬಾಗಿಲಲ್ಲೇ ನಿಲ್ಲಿಸುತ್ತಿತ್ತು. ಬಿಲ್ಲಿನ ಕೆಲಸ ಹಂಪಮ್ಮನದು. ಕುರುಗೋಡಿನಿಂದ ಬಸ್ಸಿನಲ್ಲಿ ಬರುವವಳು, ಎಲ್ಲರಿಗಿಂತ ಕಡೆಗೆ ಬರುವವಳೂ ಅವಳೇ. ಗೋದಾಮಿಗೆ ಬಿಲ್ಲು ಹೊರಡದಿದ್ದರೆ ಬೈಗುಳವೂ ಅವಳಿಗೇ.

"ಹೆಸರು ಬ್ಯಾರೆ ಮಾಡಬೇಕ್ರಿ, ಸಾಹುಕಾರ್ರ," ಅಂದ ಉಚ್ಚೆಂಗೆಪ್ಪ.

"ನಮ್ಮಪ್ಪನ ಹೆಸರು ಅಳಸ್ತಿಯೇನು? ನಾಳಿ ಸಂಜಿಗೆ ಎಲ್ಲಾ ಕಟ್ಟಿಗೊಂಡು ನಡಿ!" ಸಾಹುಕಾರರು ಹಂಪಮ್ಮನ ಕಡೆ ತಿರುಗಿದರು. "ಟೈಪ್ ಮಷೀನೂ ಮಾರೀವಿ. ಇವೂ ಹೋದ್ರ ನಿನಗಿಲ್ಲಿ ಏನ್ ಕೆಲಸ ಐತವ್ವಾ?"

ಹಂಪಮ್ಮನಿಗೆ ಮನೆ ನೆನಪಾಯಿತು. ಸೊಸೆ ಹೊರಗೆ ದುಡಿಯುವುದೇ ಎಂದು ಮನೆಮಂದಿಯೆಲ್ಲ ಮುಖ ಸಿಂಡರಿಸಿದಾಗ, "ಹೋಗ್ಲಿ ಬಿಡ್ರಿ, ಕೂಸಿನ್ನ ನಾ ನೋಡ್ಕೊಂತೀನಿ" ಎಂದು ಕಳಿಸಿದವಳು ಅತ್ತೆ ಗಾದೆಮ್ಮ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಆ ಮನೆಯಲ್ಲಿ ಇಬ್ಬರಿಗೂ ಒಂದೇ ಕಾಲ. ಅಂಥವಳ ಮುಂದೆ ಯಾವ ಬಾಯಿಂದ ಹೇಳುವುದು?

ಸಂಜೆ ಗಾದೆಮ್ಮ ಮೊಮ್ಮಕ್ಕಳನ್ನು ಊಟಕ್ಕೆ ಕರೆಯುತ್ತಿದ್ದಳು. "ಏ ಮೋಕದವನ, ಕೈ ತೊಳಿ. ಸಿರುಗುಪ್ಪದವನ, ಬಾರೋ. ಕೊಳಗಲ್ಲಿನವ ಎಲ್ಲದಾನ?" ಅವಳ ಮೂವರು ಗಂಡುಮಕ್ಕಳೂ ತಮ್ಮ ಚೊಚ್ಚಲ ಮಗನಿಗೆ ಅಪ್ಪ ವಿರೂಪಾಕ್ಷಪ್ಪನ ಹೆಸರನ್ನೇ ಇಟ್ಟಿದ್ದರು. ಗಂಡ ಸತ್ತರೂ ಅವನ ಹೆಸರನ್ನು ಬಾಯಿಬಿಟ್ಟು ಹೇಳದ ಗಾದೆಮ್ಮ, ಸೊಸೆಯರ ತವರಿನಲ್ಲಿ ಹುಟ್ಟಿದ ಆ ಹುಡುಗರನ್ನು ಹುಟ್ಟಿದ ಊರಿನಿಂದಲೇ ಕರೆಯುತ್ತಿದ್ದಳು. ಒಬ್ಬನ ಬದಲು ಇನ್ನೊಬ್ಬ ಬಂದದ್ದೇ ಇಲ್ಲ. ದಿನಾ ಕೇಳುವ ಕೂಗೇ. ಅವತ್ತು ಮಾತ್ರ ಹಂಪಮ್ಮ ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಕೂತುಬಿಟ್ಟಳು.

ಬೆಳಿಗ್ಗೆ ಅಂಗಡಿಗೆ ಕಾಲಿಟ್ಟವಳೇ, "ಹೆಸರು ಅಳಸಬ್ಯಾಡ್ರಿ, ಸಾಹುಕಾರ್ರ. ಒಂದೊಂದಕ್ಕ ಒಂದೊಂದು ಊರು ಕೂಡಿಸ್ರಿ. ಬಳ್ಳಾರಿ ಕೊಟ್ಟೂರಪ್ಪ, ಮೋಕದ ಕೊಟ್ಟೂರಪ್ಪ..." ಅಂದಳು.

ಸಾಹುಕಾರರು ಮೀಸೆ ತೀಡಿದರು. ಮುಖ ಸಡಿಲವಾಯಿತು. "ನಮ್ಮಪ್ಪ ಈ ಊರೆಲ್ಲಾ ತಿರುಗಿ ಹತ್ತಿ ಕೊಂತಿದ್ದ. ಹಾಕ್ರಿ!"

ಉಚ್ಚೆಂಗೆಪ್ಪ ಹೆಸರುಗಳಿಗೆ ಊರು ಕೂಡಿಸಿ, ಯಾವ ಹೆಸರಿನ ಕಂಪ್ಯೂಟರ್ ಎಲ್ಲಿದೆ ಎಂದು ಅವುಗಳೊಳಗಿದ್ದ ಪಟ್ಟಿಯನ್ನೂ ತಿದ್ದಿದ. ಹಂಪಮ್ಮನ ಸರದಿ ಬಂದಾಗ, "ನಿನ್ನ ತವರು ಸಿರುಗುಪ್ಪ ಅಲ್ಲೇನವ್ವಾ?" ಅಂದ.

"ಹೌದ್ರಿ. ಆದ್ರ ಇದಕ್ಕ ನಮ್ಮತ್ತಿ ಊರು ಕುರುಗೋಡು ಅಂತ ಹಾಕ್ರಿ."

ನಾಲ್ಕೂ ಜಾಲದೊಳಗೆ ಹೋದವು. ಹಂಪಮ್ಮ ಕಳಿಸಿದ ಬಿಲ್ಲು ಗೋದಾಮಿನಲ್ಲಿ ಟರ್ರನೆ ಅಚ್ಚಾಗಿ ಬಂತು.

ಸಂಜೆ ಅವಳು ಅತ್ತೆಗೆ ಎಲ್ಲ ಹೇಳಿದಳು. "ನನ್ನ ಕೆಲಸ ಉಳಿಸಿದಾಕಿ ನೀವ, ಅತ್ತಿ."

"ಅಯ್ಯ, ನಾನೇನ್ ಮಾಡಿದ್ನೆ? ಹುಡುಗರ್ನ ಉಣ್ಣಾಕ ಕರದೆ. ಲಗೂನ ಮಲಗು, ನಾಳಿ ಬಸ್ಸು ತಪ್ಪೀತು."

ನಾಳೆಯೂ ಬಸ್ಸು ಹಿಡಿಯುವುದಿದೆ! ಹಂಪಮ್ಮನ ಕಣ್ಣು ತುಂಬಿ ಬಂತು. ಬಗ್ಗಿ ಅತ್ತೆಯ ಕಾಲು ಮುಟ್ಟಿದಳು.